ಎರಡು ಬೊಗಸೆ ಕೊಸರು

"ಇದು ಬೇಡ."

ಅಂದಿದ್ದು ಇಷ್ಟೇ. ಆದರೆ ಅಂದವನು ಸುಮ್ಮನೆ ನಿಲ್ಲಲಿಲ್ಲ... ತನ್ನ ನೀಲಿ ಬಟ್ಟಲಿನ ನೆತ್ತಿಯ ಮೇಲೆ ಅವಳು ಈಗಷ್ಟೇ ಹಾಕಿದ್ದ ಕೊಸರನ್ನು ಬಾಚಿ, ಅವಳ ಬೋಗುಣಿಗೇ ವಾಪಸು ಸುರಿದುಬಿಟ್ಟ.

ಅದೂ ಎಡಗೈಯಲ್ಲಿ!

ಗುರುವಾರದ ಸಂತೆಯಲ್ಲಿ ಗಾರಿ, ಎಂದರೆ ಮರಗೆಣಸು ತುರಿದು ಹುರಿದ ತರಿ, ಮಾರುವವರ ಸಾಲೆಂದರೆ ಗಿಡುಗವೂ ದೂರದಿಂದಲೇ ಸುತ್ತು ಹಾಕಿಕೊಂಡು ಹೋಗುವ ಜಾಗ, ಅಷ್ಟು ಗದ್ದಲ. ಅಂಥ ಸಾಲು ಒಂದು ಕ್ಷಣ ಮಾತು ನಿಲ್ಲಿಸಿತು. ಪಕ್ಕದಲ್ಲಿ ಹೊಗೆಯಲ್ಲಿ ಒಣಗಿಸಿದ ಮೀನು ಮಾರುವ ಮಾನ್ಸಾ, ಕೈಯಲ್ಲಿದ್ದ ಮೀನನ್ನು ಗಿರಾಕಿಗೂ ಕೊಡದೆ ಬುಟ್ಟಿಗೂ ಹಾಕದೆ ಹಾಗೇ ಹಿಡಿದು ಕೂತಳು.

ಪೊಕುವಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಕೊಸರನ್ನು ಯಾರಾದರೂ ವಾಪಸು ಕೊಡುತ್ತಾರೆಯೇ? ಕೊಸರಿಗಾಗಿ ಜನ ಗೋಗರೆಯುತ್ತಾರೆ, ಜಗಳ ತೆಗೆಯುತ್ತಾರೆ, ಸತ್ತ ಅಜ್ಜಿಯ ಹೆಸರು ಹೇಳುತ್ತಾರೆ. ಅದರಲ್ಲೂ ಅವಳ ಕೈಯ ಕೊಸರು! ಅಸುಬೊನಿ ಊರಿಗೆಲ್ಲ ಗೊತ್ತು, ಪೊಕುವಾ ಹಾಕುವ ಕೊಸರೆಂದರೆ ಒಂದು ಚಿಟಿಕೆ. ಇರುವೆಯೊಂದು ಅದನ್ನು ಹೊತ್ತುಕೊಂಡು ಮನೆಗೆ ಹೋದರೆ ಅದರ ಹೆಂಡತಿ ಬಾಗಿಲು ತೆಗೆಯುವುದಿಲ್ಲ ಎಂಬುದು ಮಾನ್ಸಾಳ ಹಳೆಯ ತಮಾಷೆ.

ಆದರೆ ಇವತ್ತು...

ಇವತ್ತು ಏನಾಗಿತ್ತೋ! ಈ ಅಪರಿಚಿತ ಬಂದು ಬಟ್ಟಲು ಇಟ್ಟು, "ಎರಡು ಡಬ್ಬಿ ಹಾಕು" ಎಂದಾಗ ಅವಳು ತಲೆಯೆತ್ತಿ ಅವನ ಮುಖ ನೋಡಿದ್ದಳು. ಸುಂದರನೇನಲ್ಲ. ಉದ್ದಕ್ಕೆ ಬೆಳೆದವನು, ಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆ, ನಗಲೋ ಬೇಡವೋ ಎಂದು ಇನ್ನೂ ತೀರ್ಮಾನಿಸದ ತುಟಿ. ಅಷ್ಟೇ. ಅಷ್ಟಕ್ಕೇ ಅವಳ ಕೈ ಒಂದು ಬೊಗಸೆ ತುಂಬ ಗಾರಿ ಎತ್ತಿ ಹಾಕಿತ್ತು. ಸಾಲದು ಅಂತ ಇನ್ನೊಂದು ಬೊಗಸೆ!

ಹೀಗೇಕೆ ಮಾಡಿದೆ ಎಂದು ತನ್ನ ಕೈಯನ್ನೇ ಕೇಳಬೇಕು ಅನ್ನುವಷ್ಟರಲ್ಲಿ ಅವನು ಎರಡನ್ನೂ ಬಾಚಿ ಸುರಿದಿದ್ದ.

"ಏನಯ್ಯಾ ಇದು?" ಪೊಕುವಾ ಎದ್ದು ನಿಂತಳು.

"ಅಳತೆ ಎಷ್ಟೋ ಅಷ್ಟು ಸಾಕು. ಮೇಲಿಂದು ಬೇಡ."

"ಬೇಡ ಅಂದ್ರೆ ಬಾಯಲ್ಲಿ ಹೇಳ್ಬೇಕು. ಎಡಗೈ ಹಾಕಿ ನನ್ನ ಬೋಗುಣಿ ಮೈಲಿಗೆ ಮಾಡ್ತೀಯಾ?"

"ಬಾಯಲ್ಲೂ ಹೇಳಿದ್ನಲ್ಲ."

"ಆಹಾ, ಹೇಳಿದ್ರಂತೆ ದೊಡ್ಡೋರು! ಯಾವೂರು ನಿಂದು? ಉಣ್ಣೋ ಕೈ ಯಾವ್ದು, ತೊಳೆಯೋ ಕೈ ಯಾವ್ದು ಅಂತ ನಿಮ್ಮೂರಲ್ಲಿ ಹೆತ್ತೋರು ಹೇಳ್ಕೊಡಲ್ವಾ?"

ಬಲಗೈ ಅವನ ನಿಲುವಂಗಿಯ ದೊಡ್ಡ ಜೇಬಿನೊಳಗಿತ್ತು, ಅಲ್ಲೇ ಉಳಿಯಿತು. ಎಡಗೈಯಿಂದಲೇ ನೋಟು ತೆಗೆದು ಅವಳ ಹಲಗೆಯ ಮೇಲಿಟ್ಟ.

ಉರಿಯುವ ಒಲೆಗೆ ತಾಳೆಎಣ್ಣೆ ಸುರಿದಂತಾಯಿತು.

"ದುಡ್ಡೂ ಎಡಗೈಯಲ್ಲೇ! ಜೇಬೊಳಗಿರೋ ಕೈ ಏನು, ಯಜಮಾನ್ರು ಮಲಗಿದಾರಾ? ಏನಯ್ಯಾ... ನಿನ್ನ ಬಲಗೈ ನಾಯಿ ತಿಂದ್ಹೋಯ್ತಾ?"

ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು.

ಅವನು ಅವಳನ್ನೇ ನೋಡಿದ. ನೋಟದಲ್ಲಿ ಸಿಟ್ಟಿತ್ತು. ಅದನ್ನು ಪೊಕುವಾ ಗುರುತಿಸಿದಳು, ತನ್ನ ಮನೆಯ ದಿನಸಿಯನ್ನು ಗುರುತಿಸಿದಂತೆ. ಆದರೆ ಆ ಸಿಟ್ಟಿನ ಹಿಂದೆ ಇನ್ನೂ ಏನೋ ಮಿನುಗಿತಲ್ಲ, ಅದು ಮಾತ್ರ ಅವಳಿಗೆ ತಿಳಿಯಲಿಲ್ಲ. ಮರುಕ್ಷಣ ಅವನು ಬೆನ್ನು ತಿರುಗಿಸಿ ಹೊರಟುಹೋದ. ಗಾರಿ ಅಲ್ಲೇ. ನೀಲಿ ಬಟ್ಟಲೂ ಅಲ್ಲೇ!

"ಬಟ್ಟಲು ಬಿಟ್ಟು ಹೋದ ಕಣೇ," ಎಂದಳು ಮಾನ್ಸಾ.

"ಹೋಗ್ಲಿ! ಕೋಳಿಗೆ ನೀರಿಡೋಕಾಯ್ತು."

"ಅದಿರಲಿ..." ಮಾನ್ಸಾ ಕೊನೆಗೂ ಮೀನನ್ನು ಬುಟ್ಟಿಗೆ ಹಾಕಿದಳು. "ಎರಡು ಬೊಗಸೆ ಯಾಕೆ ಹಾಕ್ದೆ?"

"ಯಾರು ಹಾಕಿದ್ದು?"

"ನೀನು. ನಂದೇನು ಈ ಬುಟ್ಟಿಲಿರೋ ಮೀನಿನ ಕಣ್ಣಾ, ತೆರೆದಿದ್ರೂ ಕಾಣ್ದೆ ಇರೋಕೆ?"

"ಕೈ ಜಾರ್ತು!"

"ಎರಡು ಸಲ?"

ಪೊಕುವಾ ಡಬ್ಬಿಯನ್ನು ಬೋಗುಣಿಯೊಳಕ್ಕೆ ಕುಕ್ಕಿದಳು. ಎಡಗೈಯದು ಒಂದು ತೂಕವಾದರೆ ಅವಳನ್ನು ಒಳಗೊಳಗೇ ಸುಡುತ್ತಿದ್ದದ್ದು ಬೇರೆ. 'ಹುಟ್ಟಿದಾಗಿನಿಂದ ಯಾರಿಗೂ ಕೊಡದೆ ಇದ್ದದ್ದನ್ನ ಕೊಟ್ಟೆ... ಅದನ್ನೇ ವಾಪಸು ಸುರಿದನಲ್ಲ!'

\*\*\*

ಮಾರನೆಯ ಬೆಳಿಗ್ಗೆ ಸಿಪ್ಪೆ ಸುಲಿದ ಮರಗೆಣಸನ್ನು ತಲೆಯ ಮೇಲೆ ಹೊತ್ತು ಅವಳು ತುರಿಯುವ ಯಂತ್ರದ ಕಡೆಗೆ ನಡೆದಳು. ಊರಿಗೆಲ್ಲ ಅದೊಂದೇ ಯಂತ್ರ. ಒಡತಿ ನಾನಾ ಡುಫಿಯೆ, ಗಾರಿ ಸಾಲಿನ ರಾಣಿ. ಸಾಲಿನಲ್ಲಿ ಯಾರು ಎಲ್ಲಿ ಕೂರಬೇಕು, ಯಾರ ಜಗಳ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಆಕೆಯ ಮಾತು. ಯಂತ್ರ ನಡೆಸುತ್ತಿದ್ದ ಮುದುಕ ಮಗಳ ಮನೆಗೆ ಹೊರಟುಹೋಗಿದ್ದ. ಹೊಸಬನೊಬ್ಬ ಬಂದಿದ್ದಾನೆ, ಬೆಡಿಯಾಕೊ ಅಂತ ಹೆಸರು ಎಂದು ಸರದಿಯಲ್ಲಿದ್ದವರು ಹೇಳಿದರು. ಯುದ್ಧಕ್ಕೆಂದು ಬಂದವನು ಎಂದು ಆ ಹೆಸರಿನ ಅರ್ಥ. ಹೆತ್ತವರು ಸುಮ್ಮನೆ ಇಟ್ಟಿರಲಾರರು.

ಏಕೆಂದರೆ ಯಂತ್ರದ ಹಿಂದೆ ನಿಂತಿದ್ದವನು ಅವನೇ!

ಎಡಗೈಯಲ್ಲಿ ಮರದ ದಬ್ಬೆ ಹಿಡಿದು ಗೆಣಸನ್ನು ಯಂತ್ರದ ಬಾಯಿಗೆ ನೂಕುತ್ತಿದ್ದ. ಬಲಗೈ ಜೇಬಿನಲ್ಲೇ. ಅವಳನ್ನು ನೋಡಿದ. ನೋಡಿಲ್ಲವೆಂಬಂತೆ ನಟಿಸಿದ. ನಟನೆ ಚೆನ್ನಾಗಿರಲಿಲ್ಲ.

ಸಂತೆಯ ಸಿಟ್ಟಿನಲ್ಲಿ ನೇರವಾಗಿ ಬೈದದ್ದೇ ಹೆಚ್ಚಾಗಿತ್ತು. ಅಸುಬೊನಿಯಲ್ಲಿ ಮರ್ಯಾದಸ್ಥರು ಹಾಗೆ ಬೈಯುವುದಿಲ್ಲ. ಮಗಳಿಗೆ ಹೇಳಿದಂತೆ ಮಾಡಿ ಸೊಸೆಗೆ ಮುಟ್ಟಿಸುವ ವಿದ್ಯೆಯಲ್ಲಿ ಊರಿಗೆ ಊರೇ ಪಂಡಿತರು. ಗೋಡೆಯ ಬದಿಯಲ್ಲಿ ಒಂದು ಮೇಕೆ ಗೆಣಸಿನ ಸಿಪ್ಪೆ ಮೆಲ್ಲುತ್ತಿತ್ತು. ಪೊಕುವಾ ಅದರ ಕಡೆ ತಿರುಗಿದಳು.

"ಏನಮ್ಮಾ ಮೇಕೆ, ಕೊಟ್ಟಿದ್ದನ್ನ ತಿಂತಾ ಇದೀಯಾ? ಜಾಣೆ! ಕೆಲವರಿಗೆ ಕೊಟ್ರೆ ಮುಖಕ್ಕೇ ಎಸೀತಾರೆ. ನಿಂಗೆ ನಾಲ್ಕೂ ಕಾಲೇ, ಆದ್ರೂ ಅವ್ರಿಗಿಂತ ಮರ್ಯಾದೆ ಗೊತ್ತು."

ಸರದಿಯಲ್ಲಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಬೆಡಿಯಾಕೊ ಎಂಜಿನ್ನಿನ ಮೇಲೆ ಬಾಗಿದ. "ಅಣ್ಣಾ ಎಂಜಿನ್ನು," ಎಂದ, ಎಲ್ಲರಿಗೂ ಕೇಳುವಂತೆ, "ಬಿಸಿ ಆಗಿದೀಯಾ? ಪಾಪ, ನೀನು ಡೀಸೆಲ್ ಕುಡಿದು ಬಿಸಿ ಆಗ್ತೀಯ. ಕೆಲವರಿಗೆ ಅದೂ ಬೇಕಾಗಿಲ್ಲ, ಬರೀ ಬೆಳಗಾದ್ರೆ ಸಾಕು."

"ಮೇಕಮ್ಮಾ, ಕೇಳಿಸ್ತಾ? ಜೇಬಲ್ಲಿ ಕೈ ಇಟ್ಕೊಂಡು ಕೆಲ್ಸ ಮಾಡೋ ಸಾಹೇಬರನ್ನ ನೋಡಿದ್ಯಾ ಎಲ್ಲಾದ್ರೂ? ಒಳಗೆ ಏನೋ ಬಚ್ಚಿಟ್ಟಿರ್ಬೇಕು!"

ಬೆಡಿಯಾಕೊ ದಬ್ಬೆಯನ್ನು ಯಂತ್ರದ ಬಾಯಿಗೆ ಇನ್ನಷ್ಟು ಜೋರಾಗಿ ಒತ್ತಿದ.

"ಬೋಗುಣಿ ಇಡು," ಎಂದ, ಅವಳ ಸರದಿ ಬಂದಾಗ. ನೇರವಾಗಿ. ಮೆಲ್ಲಗೆ.

"ನಿನ್ನ ಕೈಯಲ್ಲಿ ತುರಿದ ಗೆಣಸು ನಂಗೆ ಬೇಡ!" ಪೊಕುವಾ ಬೋಗುಣಿಯನ್ನು ಮತ್ತೆ ತಲೆಗೇರಿಸಿದಳು. "ಕೈಯಲ್ಲೇ ತುರ್ಕೊತೀನಿ. ನಂಗೆ ಎರಡು ಕೈ ಇದೆ!"

ಹಾಗಂದು ಅವಳು ಬೀಗುತ್ತಾ ಹೊರಟಳು. ಬಿಸಿಲಿನಲ್ಲಿ, ಒಬ್ಬಳೇ, ತಲೆಯ ಮೇಲೆ ಒಂದಿಡೀ ದಿನದ ದುಡಿಮೆ ಹೊತ್ತುಕೊಂಡು.

ಸಿಟ್ಟಿಗೇನು, ಅದು ಯಾವಾಗಲೂ ಗೆಲ್ಲುತ್ತದೆ. ಖರ್ಚಿನ ಬಿಲ್ಲು ಮಾತ್ರ ಮೈಗೆ ಕಳಿಸುತ್ತದೆ. ಅಜ್ಜಿಯ ಕಾಲದ ತೂತು ತಗಡಿನ ಮೇಲೆ ಗೆಣಸು ಉಜ್ಜಿ ಉಜ್ಜಿ ಅವಳ ಬಲಗೈಯ ಗೆಣ್ಣುಗಳ ಚರ್ಮವೇ ಕಿತ್ತುಬಂತು. ಮುಂದಿನ ಗುರುವಾರ ಕೈಗೆ ಬಟ್ಟೆ ಸುತ್ತಿಕೊಂಡು ಸಂತೆಯಲ್ಲಿ ಕೂತಳು. ಗಾರಿ ಅಳೆದು ಕೊಡುವಾಗೆಲ್ಲ, ಊರ ಪದ್ಧತಿಯಂತೆ, "ಎಡಗೈ, ಮನ್ನಿಸಿ" ಎನ್ನುತ್ತಾ ಎಡಗೈಯಿಂದ ಕೊಟ್ಟಳು. ಎಲ್ಲರೂ ತಲೆಯಾಡಿಸಿ ತೆಗೆದುಕೊಂಡರು. ಒಬ್ಬರೂ ಮುಖ ಸಿಂಡರಿಸಲಿಲ್ಲ.

'ಎರಡೇ ಎರಡು ಮಾತು!' ಅವಳ ಸಿಟ್ಟು ಮತ್ತೆ ಹೆಡೆಯೆತ್ತಿತು. 'ಎಡಗೈ, ಮನ್ನಿಸಿ... ಇಷ್ಟು ಅನ್ನೋಕೆ ಅವನ ನಾಲಿಗೆಗೇನು ಲಕ್ವ ಹೊಡೆದಿತ್ತಾ?'

"ಗೆಣಸು ತರೋಕೆ ಹೇಳಿದ ಕಣೇ," ಮಾನ್ಸಾ ಪಿಸುಗುಟ್ಟಿದಳು. "ಯಂತ್ರಕ್ಕೆ ಯಾರ ಮೇಲೂ ಸಿಟ್ಟಿಲ್ಲ ಅಂತೆ."

"ಯಂತ್ರಕ್ಕೆ ಹೇಳು, ನಂಗೆ ಯಂತ್ರದ ಮೇಲೆ ಸಿಟ್ಟಿದೆ ಅಂತ."

"ಇನ್ನೊಂದು ಮಾತೂ ಕೇಳ್ದ..."

"ಏನು?"

"ನೀನು ಇವತ್ತು ಯಾರಿಗಾದ್ರೂ ಬೈದ್ಯಾ ಅಂತ. ಕೇಳ್ತಾ ನಗ್ತಿದ್ದ."

"ನನ್ನ ಬೈಗುಳ ಅಂದ್ರೆ ಅವನಿಗೆ ತಮಾಷೆನಾ!" ಪೊಕುವಾ ಕೂಗಿದ್ದಕ್ಕೆ ಆಚೆ ಸಾಲಿನ ಟೊಮೇಟೊದವರೂ ತಿರುಗಿ ನೋಡಿದರು. ನೀಲಿ ಬಟ್ಟಲು ಅವಳ ತಲೆಯ ಮೇಲೆ, ಚಪ್ಪರದ ಕಂಬಕ್ಕೆ ನೇತುಬಿದ್ದಿತ್ತು. ಯಾಕೋ ಕೋಳಿಗೆ ಕೊಡಲು ಅವಳಿಗೆ ಪುರುಸೊತ್ತೇ ಆಗಿರಲಿಲ್ಲ.

\*\*\*

ಆ ಶನಿವಾರ ಮಾನ್ಸಾಳ ಸೋದರಮಾವನ ಶವಸಂಸ್ಕಾರ.

ಶನಿವಾರ ಅಸುಬೊನಿಯಲ್ಲಿ ಜನ ಕಪ್ಪು ಕೆಂಪು ಬಟ್ಟೆ ಬಿಟ್ಟು ಬೇರೆ ಬಣ್ಣ ಉಡುವುದು ಅಪರೂಪ, ಯಾರಾದರೊಬ್ಬರು ಸತ್ತಿರುತ್ತಾರೆ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಎದೆ ನಡುಗಿಸುವ ಧ್ವನಿವರ್ಧಕ, ಬದುಕಿದ್ದಾಗ ಮಾತಾಡಿಸದಿದ್ದವರ ಕಣ್ಣೀರು. ಬಂದವರು ಮೊದಲು ಸಾಲಿನ ಬಲತುದಿಯಿಂದ ಎಡತುದಿಯವರೆಗೆ ಕೂತವರೆಲ್ಲರ ಕೈ ಕುಲುಕುತ್ತಾ ಹೋಗಬೇಕು. ಒಬ್ಬರನ್ನು ಬಿಟ್ಟರೂ ಅದು ಆ ಮನೆತನದ ಜೊತೆ ಜಗಳ.

ಗಾರಿ ಸಾಲಿನ ಹೆಂಗಸರೊಂದಿಗೆ ಪೊಕುವಾ ಕೈ ಕುಲುಕುತ್ತಾ ಬಂದಳು. ಗೆಣ್ಣಿನ ಗಾಯ ಇನ್ನೂ ಚುರುಗುಡುತ್ತಿತ್ತು. ಆದರೂ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬಂದಿದ್ದಳು. ಸತ್ತವರ ಮನೆಯಲ್ಲಿ ಸುತ್ತಿದ ಕೈ ಕೊಡಬಾರದು.

ಸಾಲಿನ ಕೊನೆಯಲ್ಲಿ ಅವನು.

ಮೈಗೆ ಬಟ್ಟೆ ಹೊದ್ದ ಗಂಡಸಿನ ಬಲ ಭುಜ ಬರಿದಾಗಿರಬೇಕು, ಹಿರಿಯರ ಮುಂದೆ ಅದೇ ಮರ್ಯಾದೆ. ಇವನೋ ಚಳಿಜ್ವರ ಬಂದವನಂತೆ ಎರಡೂ ಭುಜ ಮುಚ್ಚಿಕೊಂಡು ಕುಗ್ಗಿ ಕೂತಿದ್ದ. "ಎಂಥಾ ಸೊಕ್ಕು ನೋಡು," ಎಂದು ಹಿಂದಿನಿಂದ ಯಾರೋ ಗೊಣಗಿದರು. ಮುಂದಿದ್ದ ಹೆಂಗಸರು ತಲೆಬಾಗಿ ಅವನನ್ನು ದಾಟಿ ಹೋದರು.

ಪೊಕುವಾ ದಾಟಲಿಲ್ಲ. ನಿಂತಳು. ಬಲಗೈ ಚಾಚಿದಳು.

"ಮುಂದೆ ಹೋಗು," ಎಂದ ಅವನು, ತುಟಿ ಅಲುಗಿಸದೆ.

"ಕೈ."

"ಪೊಕುವಾ... ದಮ್ಮಯ್ಯ, ಹೋಗು."

ಅವನ ಬಾಯಲ್ಲಿ ತನ್ನ ಹೆಸರು ಮೊದಲ ಸಲ ಕೇಳಿ ಅವಳ ಎದೆ ಒಮ್ಮೆ ಮುಗ್ಗರಿಸಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು!

"ಸತ್ತೋರ ಮನೇಲೂ ಕೈ ಕೊಡಲ್ವಾ? ಅಷ್ಟು ಕೀಳಾ ನಾವು ನಿನ್ನ ಕಣ್ಣಿಗೆ?"

ಧ್ವನಿವರ್ಧಕ ಅದೇ ಹೊತ್ತಿಗೆ ಉಸಿರು ತೆಗೆದುಕೊಳ್ಳಲು ನಿಂತಿತ್ತು. ಎಲ್ಲರಿಗೂ ಕೇಳಿಸಿತು.

ಬೆಡಿಯಾಕೊ ಎದ್ದ. ಹೊದ್ದದ್ದನ್ನು ಬಲ ಭುಜದಿಂದ ಕೆಳಗಿಳಿಸಿದ. ಬಲಗೈ ಹೊರಗೆ ಬಂತು.

ಹೆಬ್ಬೆರಳಿತ್ತು. ಕಿರುಬೆರಳಿತ್ತು. ನಡುವೆ ಏನೂ ಇರಲಿಲ್ಲ... ಹೊಳೆಯುವ, ಮಡಿಸಿ ಹೊಲಿದಂಥ ಚರ್ಮವಷ್ಟೇ.

ಆ ಕೈಯನ್ನು ಅವನು ಅವಳ ಕೈಯಲ್ಲಿಟ್ಟ. ಬೆಚ್ಚಗಿತ್ತು.

"ನಾಯಿ ತಿನ್ನಲಿಲ್ಲ," ಎಂದ, ಅವಳಿಗೊಬ್ಬಳಿಗೇ ಕೇಳುವಂತೆ. "ಯಂತ್ರ ತಿಂತು."

ಕೈ ಬಿಡಿಸಿಕೊಂಡು ಶಾಮಿಯಾನದಿಂದ ಹೊರನಡೆದ.

ಪೊಕುವಾಳ ಕೈ ಮಾತ್ರ ಹಾಗೇ ಚಾಚಿಕೊಂಡೇ ಉಳಿಯಿತು.

\*\*\*

"ಅವನು ನನ್ ಹತ್ರ ಯಾಕೆ ಹೇಳ್ಲಿಲ್ಲ ನಾನಾ? ಯಾಕೆ ಹೇಳ್ಲಿಲ್ಲ?"

ಭಾನುವಾರ ನಾನಾ ಡುಫಿಯೆಯ ಅಂಗಳದಲ್ಲಿ ಪೊಕುವಾ ಅತ್ತಿತ್ತ ಓಡಾಡುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನೋಡುವವರಿಗೆ ಸಮಾಧಾನವಾಗುತ್ತಿತ್ತು. ಹುರಿಯುವ ಬಾಣಲೆಗೆ ಬಿದ್ದ ಗಾರಿಯಂತೆ ಸಿಡಿಯುತ್ತಿದ್ದಳು.

"ಊರ ಮುಂದೆ ಆ ಮಾತು ಆಡೋಕೆ ಬಿಟ್ಟ! ಜೇಬಿಂದ ಒಂದ್ಸಲ ತೆಗೆದು ತೋರಿಸಿದ್ರೆ ನನ್ನ ಬಾಯಿ ಆಗ್ಲೇ ಮುಚ್ಚಿ ಹೋಗ್ತಿತ್ತು. ಈಗ ನಾನು ಯಾರಾದೆ? ಬೆರಳಿಲ್ಲದೋನ ಕೈ ಆಡ್ಕೊಂಡು ನಕ್ಕವಳು!"

"ಕೂತ್ಕೋ ಮಗಳೇ. ನನ್ನ ಕೋಳಿಗಳು ಹೆದರ್ಕೊಂಡಿವೆ." ಮುದುಕಿ ಬಾಯಲ್ಲಿದ್ದ ಹಲ್ಲುಕಡ್ಡಿಯನ್ನು ಆಚೆ ದವಡೆಗೆ ದಾಟಿಸಿದಳು. "ಬೇರೆ ಊರಲ್ಲಿ ಇಂಥದ್ದೇ ಯಂತ್ರದ ಬೆಲ್ಟು ಎಳ್ಕೊಂಡಿದ್ದು. ಯಾರಿಗೂ ಹೇಳ್ಬೇಡಿ ಅಂತ ಕೇಳ್ಕೊಂಡ, ನಾನು ಹೇಳ್ಲಿಲ್ಲ."

"ಮತ್ತೆ ಅದೇ ಯಂತ್ರದ ಕೆಲಸಕ್ಕೆ ಬಂದ್ನಾ?"

"ಕಚ್ಚಿದ ನಾಯಿಗೇ ಅನ್ನ ಹಾಕಿ ಪಳಗಿಸೋ ಜಾತಿ ಅವನು. ಈಗ ಬಿಟ್ಟು ಹೋಗ್ತೀನಿ ಅಂತಿದಾನೆ. ಬೇರೆಯವರನ್ನ ನೋಡ್ಕೊಳ್ಳಿ ನಾನಾ, ಗುರುವಾರ ಸಂತೆ ಲಾರಿ ಹತ್ತಿ ಹೋಗ್ತೀನಿ ಅಂದ."

ಪೊಕುವಾ ಕೂತಳು.

"ಹೋಗ್ಲಿ!" ಎಂದಳು. ಧ್ವನಿ ಮಾತ್ರ ಜೊತೆಗೆ ಬರಲಿಲ್ಲ.

"ಹೋಗೋಕೆ ಮುಂಚೆ ಒಂದು ಲೆಕ್ಕ ಚುಕ್ತಾ ಆಗ್ಬೇಕು. ಎಡಗೈ ಕೊಡುವಾಗ ಮನ್ನಿಸಿ ಅನ್ನದೆ ಇದ್ದದ್ದು ಅವನ ತಪ್ಪು, ಅದನ್ನ ನಾನು ಕೇಳ್ತೀನಿ. ನಿಂದು ದೊಡ್ಡದು. ಸಂತೇಲಿ ಚೆಲ್ಲಿದ ಮಾತನ್ನ ಸಂತೇಲೇ ಬಾಗಿ ಹೆಕ್ಕಬೇಕು. ತಪ್ಪೊಪ್ಪಿಗೆಯ ಮೊಟ್ಟೆ ತಗೊಂಡು ಬಾ, ನಿನ್ನ ಪರವಾಗಿ ನಾನು ಮಾತೆತ್ತುತೀನಿ."

"ಬಾಗ್ತೀನಿ ನಾನಾ. ಆದ್ರೆ ನನ್ನ ಕೊಸರನ್ನ ಯಾಕೆ ಸುರಿದ? ಅದನ್ನ ಕೇಳಿ!"

"ಅದನ್ನ ನೀನೇ ಕೇಳು," ಎಂದಳು ಮುದುಕಿ. "ಅದು ನನ್ನ ನ್ಯಾಯಸ್ಥಾನಕ್ಕೆ ಬರೋ ಜಗಳ ಅಲ್ಲ."

\*\*\*

ಗುರುವಾರ ಗಾರಿ ಸಾಲಿನಲ್ಲಿ ವ್ಯಾಪಾರವೇ ನಡೆಯಲಿಲ್ಲ. ಮಾರುವವರೂ ಕೊಳ್ಳುವವರೂ ಒಂದೇ ಕಡೆ ನಿಂತಿದ್ದರು. ಬೆಡಿಯಾಕೊ ಚೀಲವನ್ನು ಹೆಗಲಿಗೇರಿಸಿಕೊಂಡೇ ಬಂದಿದ್ದ. ಬಲಗೈ ಜೇಬಿನಲ್ಲಿ. ಊರಿಗೆಲ್ಲ ಗೊತ್ತಾಗಿದ್ದರೂ, ಜೇಬಿನಲ್ಲಿ.

"ನನ್ನ ಮಗಳೊಬ್ಬಳು ಇಲ್ಲಿ ಒಂದು ಮಾತು ಬೀಳಿಸಿದ್ದಾಳೆ," ಎಂದಳು ನಾನಾ ಡುಫಿಯೆ. "ಎತ್ಕೊಳ್ಳೋಕೆ ಬಂದಿದ್ದಾಳೆ. ನೀನು ಕಾಲು ಸ್ವಲ್ಪ ಸರಿಸಿ ಜಾಗ ಕೊಡು."

ಪೊಕುವಾ ಗೆಣ್ಣಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮೊಟ್ಟೆಯ ಬುಟ್ಟಿ ಇಟ್ಟಳು. ಬಾಗಿದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು, ಹತ್ತಿಯಂಥ ಧ್ವನಿ.

"ತಿಳೀದೆ ಆಡಿದೆ. ನಿಮ್ಮ ಮನಸ್ಸಿಗೆ ನೋವಾಯ್ತು. ದಯವಿಟ್ಟು ಮನ್ನಿಸಿ. ನಿಮಗೆ ಏನು ಸಹಾಯ ಬೇಕಾದ್ರೂ..."

'ನಿಮಗೆ' ಎಂದಿದ್ದಳು! ಮಾನ್ಸಾ ಬೆರಗಾಗಿ ಕೆನ್ನೆಗೆ ಕೈಯಿಟ್ಟುಕೊಂಡಳು.

"ಮನ್ನಿಸಿದೆ," ಎಂದ ಬೆಡಿಯಾಕೊ. ನಗಲಿಲ್ಲ. ಮುಖದಲ್ಲಿ ಉಳಿದಿದ್ದ ಒಂದಿಷ್ಟು ಬೆಳಕೂ ಆರಿಹೋಯಿತು. "ಇವತ್ತಿಗೆ ನೀನೂ ಆ ಧ್ವನಿ ಕಲಿತೆ."

"ಯಾವ ಧ್ವನಿ?"

"ಕೈ ನೋಡಿದ ಮೇಲೆ ಎಲ್ರೂ ಆಡೋ ಧ್ವನಿ. ಪಾಪದ ಮಗೂನ ಮಾತಾಡ್ಸಿದ ಹಾಗೆ." ಚೀಲದ ಪಟ್ಟಿಯನ್ನು ಬಿಗಿಹಿಡಿದ. "ಈ ಕೈ ಹೋದಾಗಿನಿಂದ ನನ್ನ ಜೊತೆ ಯಾರೂ ಜಗಳ ಆಡಿಲ್ಲ, ಗೊತ್ತಾ? ಎಲ್ಲಿ ಹೋದ್ರೂ ತಟ್ಟೆ ತುಂಬಿಸ್ತಾರೆ, ಕಣ್ಣು ಕೆಳಗೆ ಹಾಕ್ತಾರೆ. ಅವತ್ತು ನೀನು ಬೈದೆ... ಒಬ್ಬ ಗಂಡಸಿಗೆ ಬೈಯೋ ಹಾಗೆ ಬೈದೆ! ಮನೆಗೆ ಹೋಗಿ ಸಿಟ್ಟು ಮಾಡ್ಕೊಳ್ಳೋಣ ಅಂತ ಕೂತೆ. ನಗು ಬಂತು. ಮಾರನೇ ದಿನ ನೀನು ಮೇಕೆ ಜೊತೆ ಮಾತಾಡೋದು ಕೇಳೋಕೆ ಎಂಜಿನ್ನಿನ ಸದ್ದು ತಗ್ಗಿಸಿದ್ದೆ."

ಪೊಕುವಾಳ ಬಾಯಿ ತೆರೆದುಕೊಂಡಿತು.

"ಆದ್ರೆ ತಪ್ಪು ನಂದೇ," ಎಂದ ಅವನು. "ನೀನು ಬೇರೆ ಥರ ಅಂದ್ಕೊಂಡಿದ್ದೆ. ನೀನೂ ಮೊದಲ ದಿನವೇ ಕರುಣೆ ತೋರ್ಸಿದೋಳು ತಾನೇ."

"...ಏನು ತೋರ್ಸಿದೆ?"

"ಕರುಣೆ. ಎರಡು ಬೊಗಸೆ. ಬಟ್ಟಲು ಇಡೋವಾಗ ಕೈ ಜೇಬಿಂದ ಚೂರು ಹೊರಗೆ ಬಂದಿತ್ತು, ನೀನು ನೋಡ್ದೆ. ಪಾಪ ಅಂತ ಸುರಿದೆ. ಅದಕ್ಕೇ ವಾಪಸು ಹಾಕಿದ್ದು."

ಪೊಕುವಾಳನ್ನು ಬಲ್ಲವರು ಎರಡು ಹೆಜ್ಜೆ ಹಿಂದೆ ಸರಿದರು.

"ಕರುಣೆ?" ಮೊದಲ ಸಲ ಮೆಲ್ಲಗೆ ಬಂತು. "ಕರುಣೇನಾ? ನಾನು ತೋರ್ಸಿದ್ದಾ?"

ಹತ್ತಿಯಂಥ ಧ್ವನಿ ಗಾಳಿಗೆ ಹಾರಿಹೋಯಿತು!

"ಏ ಮೊಂಡು ತಲೆಯೋನೇ! ನಿನ್ನ ಕೈ ಯಾರು ನೋಡಿದ್ರು? ನಿನ್ನ ಕೈ ಕಟ್ಕೊಂಡು ನಂಗೇನಾಗ್ಬೇಕು? ಕರುಣೆ ಅಂತೆ! ಕೇಳು, ಈ ಸಾಲಲ್ಲಿ ಒಬ್ಬೊಬ್ಬರನ್ನೇ ಕೇಳು, ನನ್ನ ಕೈಯಿಂದ ಯಾವತ್ತಾದ್ರೂ ಒಂದು ಬೊಗಸೆ ಕೊಸರು ಕಂಡವ್ರು ಇದಾರಾ ಅಂತ!"

"ನಾನು ಬಾಣಂತಿ ಆಗಿದ್ದಾಗ್ಲೂ ಚಿಟಿಕೆನೇ," ಎಂದಳು ಮೆಣಸಿನಕಾಯಿಯವಳು.

"ನನ್ನ ಗಂಡ ಸತ್ತ ವಾರ ಅರ್ಧ ಚಿಟಿಕೆ," ಎಂದಳು ಇನ್ನೊಬ್ಬಳು. "ಅವನು ಹೇಗೂ ತಿನ್ನಲ್ಲ ಅಂದ್ಲು."

"ಸ್ವಂತ ಅಮ್ಮನಿಗೂ ಅಳೆದೇ ಕೊಡ್ತಾಳೆ," ಎಂದಳು ಮಾನ್ಸಾ.

"ನಾನು ಈ ಸಾಲಿನ ರಾಣಿ," ಎಂದಳು ನಾನಾ ಡುಫಿಯೆ ಗಂಭೀರವಾಗಿ. "ನಂಗೂ ಚಿಟಿಕೆ."

"ಕೇಳಿಸ್ತಾ?" ಪೊಕುವಾ ಸೊಂಟದ ಮೇಲೆ ಕೈಯಿಟ್ಟಳು. "ಕರುಣೆ ಅನ್ನೋದು ನಮ್ಮ ವಂಶದಲ್ಲೇ ಇಲ್ಲ!"

ಬೆಡಿಯಾಕೊ ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ಅವಳನ್ನು. ಮತ್ತೆ ಆ ಮಿನುಗು... ಈಗ ಅದೇನೆಂದು ಅವಳಿಗೆ ತಿಳಿಯಿತು.

"ಹಾಗಾದ್ರೆ... ಎರಡು ಬೊಗಸೆ ಯಾಕೆ ಹಾಕ್ದೆ?"

ಇಡೀ ಸಂತೆ ಕಿವಿಯಾಯಿತು.

ಪೊಕುವಾ ನೆಲ ನೋಡಿದಳು. ಗಾ‌ರಿ ನೋಡಿದಳು. ಮೇಲೆ ನೋಡಿದಳು, ಅಲ್ಲಿ ನೀಲಿ ಬಟ್ಟಲು ನೇತಾಡುತ್ತಿತ್ತು.

"ನಿನ್ನ ಮುಖ ನೋಡ್ದೆ," ಎಂದಳು, ಅವನನ್ನು ಹೊಡೆಯುವಷ್ಟು ಸಿಟ್ಟಿನಲ್ಲಿ. "ಕೈ ಲೆಕ್ಕ ತಪ್ತು. ಸಾಕಾ? ಯಾರಿಗೂ ಕೊಡದೆ ಇದ್ದದ್ದು ನಿಂಗೆ ಕೊಟ್ಟೆ. ನೀನು ಸುರಿದುಬಿಟ್ಟೆ! ನಂಗೆ ಎಷ್ಟು... ಎಷ್ಟು ಉರೀತು ಗೊತ್ತಾ ನಿಂಗೆ?"

ಕೊನೆಯ ಮಾತಿಗೆ ಕಣ್ಣು ಮೋಸ ಮಾಡಿತು. ಮುಂಗೈಯಿಂದ ಒರಟಾಗಿ ಒರೆಸಿಕೊಂಡಳು.

ಚೀಲ ಅವನ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

"ನನ್ನ ಬಟ್ಟಲು ಕೊಡು," ಎಂದ.

"ಕೊಡಲ್ಲ. ಕೋಳಿ ನೀರು ಕುಡಿದಿದೆ ಅದ್ರಲ್ಲಿ."

"ಸುಳ್ಳು!" ಮಾನ್ಸಾ ಕೂಗಿದಳು. "ಬೂದಿ ಹಾಕಿ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದಾಳೆ!"

"ನೀನು ಮೀನು ಮಾರು!" ಪೊಕುವಾ ಗದರಿದಳು. ಬೆಡಿಯಾಕೊನ ಕಡೆ ತಿರುಗಿ ಗಲ್ಲ ಮೇಲೆತ್ತಿದಳು. "ಬಟ್ಟಲು ಇಲ್ಲ. ಬೇಕಿದ್ರೆ ಬೊಗಸೆ ಒಡ್ಡು."

ಬೊಗಸೆಗೆ ಎರಡು ಕೈ ಬೇಕು.

ಅವನ ಜೇಬಿನಿಂದ ಬಲಗೈ ಹೊರಬಂತು. ಹಗಲು ಬೆಳಕಿಗೆ, ಸಂತೆಯ ನಡುವಿಗೆ. ಎಡಗೈಯ ಪಕ್ಕ ಸೇರಿತು. ಯಾರೂ ಕಣ್ಣು ಕೆಳಗೆ ಹಾಕಲಿಲ್ಲ. ಹಾಕಿದರೆ ಮುಂದಿನದು ತಪ್ಪಿಹೋಗುತ್ತಿತ್ತಲ್ಲ!

ಪೊಕುವಾ ಬೋಗುಣಿಗೆ ಎರಡೂ ಕೈ ಹಾಕಿ ತುಂಬಿ ಸುರಿದಳು. ಬಿಳಿ ಗಾರಿ ಬೆರಳಿಲ್ಲದ ಸಂದಿಯಿಂದ ಸಣ್ಣಗೆ ಸೋರತೊಡಗಿತು.

"ಸೋರ್ತಾ ಇದೆ," ಎಂದ ಅವನು, ಧ್ವನಿ ತಗ್ಗಿಸಿ.

ಅವಳು ತನ್ನ ಬೊಗಸೆಯನ್ನು ಅವನ ಬೊಗಸೆಯ ಕೆಳಗೆ ಒತ್ತಿ ಹಿಡಿದಳು. ಗೆಣ್ಣಿನ ಒಣಗದ ಗಾಯ, ಹೊಳೆಯುವ ಹಳೆಯ ಗಾಯ, ಒಂದರ ಕೆಳಗೊಂದು.

"ನನ್ನ ಗಾರಿ ಒಂದು ಕಾಳೂ ನೆಲಕ್ಕೆ ಬೀಳಕೂಡ್ದು. ಅಲುಗಾಡ್ಬೇಡ!"

"ಇನ್ನೊಂದ್ಸಲ ಬೈ..."

"ಇಲ್ಲಿ ಬೈಯಲ್ಲ. ಹಿರಿಯರ ಕೈಲಿ ಹೆಣ್ಣು ಕೇಳೋ ಹೆಂಡದ ಬಾಟ್ಲಿ ಹಿಡಿಸ್ಕೊಂಡು ಬಂದು ನಮ್ಮಮ್ಮನ ಬಾಗಿಲು ತಟ್ಟು. ಆಮೇಲೆ ದಿನಾ ಅಳತೆ ಮಾಡಿ ಬೈತೀನಿ."

"ಬರೀ ಅಳತೆಯಷ್ಟೇನಾ?"

"ಮೇಲಿಂದು ಬೇಡ ಅಂದಿದ್ಯಲ್ಲ ನೀನು!"

ಬೆಡಿಯಾಕೊ ನಕ್ಕ. ನಗಲೋ ಬೇಡವೋ ಎಂದು ಇಷ್ಟು ದಿನ ತೀರ್ಮಾನಿಸದಿದ್ದ ಆ ತುಟಿ ಕೊನೆಗೂ ತೀರ್ಮಾನಿಸಿತು.

"ಬೇಕು," ಎಂದ. "ಕೊಸರು ಬೇಕು."